ಬೆರಕೆ ಎಷ್ಟು ಅಂತ ಕೇಳಿ: ಕಾಫಿಪುಡಿ, ಬೆಲ್ಲ, ನಿಘಂಟು

ಅಣ್ಣನ ಮಗಳು ಪುಣೆಯಲ್ಲಿ ಹೊಸದಾಗಿ ಮನೆ ಹೂಡಿದ್ದಾಳೆ. ಹೋದ ತಿಂಗಳು ಅವಳಿಂದ ಒಂದು ವಾಯ್ಸ್ ಮೆಸೇಜ್ ಬಂತು. “ಅತ್ತೆ, ಕಾಫಿಪುಡಿ ಯಾವುದು ತಗೊಳ್ಳಲಿ? ಬೆಲ್ಲ ಯಾವುದು? ಆಮೇಲೆ, ಕನ್ನಡ ಕಾದಂಬರಿ ಓದೋಕೆ ಶುರು ಮಾಡಿದೀನಿ, ಪುಟಕ್ಕೆ ನಾಲ್ಕು ಪದ ಗೊತ್ತಾಗಲ್ಲ, ಒಂದು ಒಳ್ಳೆ ಡಿಕ್ಷನರಿ ಹೇಳಿ. ಮೂರಕ್ಕೂ ಒಂದೊಂದೇ ಹೆಸರು ಸಾಕು, ಉದ್ದ ಬೇಡ.”

ಉದ್ದ ಬೇಡ ಅಂದರೂ ಉದ್ದವಾಯಿತು. ಮೂರೂ ನನ್ನ ಕೈಗೆ ದಿನಾ ಸಿಗುವ ವಸ್ತುಗಳೇ. ಬೆಳಗ್ಗೆ ಆರಕ್ಕೆ ಫಿಲ್ಟರ್, ಹತ್ತು ಗಂಟೆಯಿಂದ ಕರಡು ತಿದ್ದುವ ಕೆಲಸ, ನಡುವೆ ಸಾರಿಗೊಂದು ಚೂರು ಬೆಲ್ಲ. ಉತ್ತರ ಬರೆಯಲು ಕೂತಾಗಲೇ ಹೊಳೆದದ್ದು: ಮೂರೂ ಬೆರಕೆಯ ಪದಾರ್ಥಗಳು. ಕಾಫಿಪುಡಿಗೆ ಚಿಕೋರಿ ಬೆರೆಸುತ್ತಾರೆ, ಬೆಲ್ಲಕ್ಕೆ ಬಣ್ಣ ತಿಳಿಯಾಗಲು ಏನೇನೋ ಹಾಕುತ್ತಾರೆ, ಈಗಿನ ಜಾಲತಾಣದ ನಿಘಂಟುಗಳಲ್ಲಿ ಹತ್ತು ಪುಸ್ತಕದ ಅರ್ಥಗಳು ಒಟ್ಟಿಗೆ ಬಂದು ಬೀಳುತ್ತವೆ. ಬೆರಕೆಯ ಮೇಲೆ ನನಗೆ ಕೋಪವಿಲ್ಲ. ಎಷ್ಟು ಬೆರೆಸಿದ್ದೀರಿ ಅಂತ ಕೇಳಿದರೆ ಹೇಳಬೇಕು, ಅಷ್ಟೆ.

ಕಾಫಿಪುಡಿ

ನಮ್ಮ ಬೀದಿಯ ಕೊನೆಗೆ ಕಾಫಿಪುಡಿ ಅಂಗಡಿಯಿದೆ. ಹೋಗಿ ನಿಂತರೆ ಮೊದಲ ಪ್ರಶ್ನೆ “ಎಷ್ಟು ಪರ್ಸೆಂಟ್?” ಅದು ಚಿಕೋರಿಯ ಲೆಕ್ಕ. ಎರಡನೆಯದು “ಪೀಬೆರಿನಾ, ಪ್ಲಾಂಟೇಷನ್ನಾ?” ಈ ಎರಡು ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಬಲ್ಲವರಿಗೆ ಮುಂದಿನ ನಾಲ್ಕು ಪ್ಯಾರಾ ಬೇಕಿಲ್ಲ.

ಚಿಕೋರಿ ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ಒಣಗಿಸಿ, ಹುರಿದು ಪುಡಿ ಮಾಡಿದರೆ ಕಪ್ಪು ಬಣ್ಣ, ಸುಟ್ಟ ಸಕ್ಕರೆಯಂಥ ಒಂದು ಸಿಹಿಗಹಿ. ಅದರಲ್ಲಿ ಕೆಫೀನ್ ಇಲ್ಲ. ನಮ್ಮ ದೇಶದ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕಡೇಪಕ್ಷ ನೂರಕ್ಕೆ 51 ಪಾಲು ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿರಬೇಕು. ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಬೇರಿನ ಪುಡಿ ಇದ್ದರೂ ಅದು ಕಾನೂನಿನೊಳಗಿನ ಕಾಫಿಯೇ. ಪ್ಯಾಕೆಟ್ಟಿನ ಮುಂಭಾಗದಲ್ಲಿ ಹಬೆಯಾಡುವ ಲೋಟದ ಚಿತ್ರ ದೊಡ್ಡದಾಗಿ ಇರುತ್ತದೆ, ಆ ಸಾಲು ಮಾತ್ರ ಇರುವೆಸಾಲಿನಷ್ಟು ಸಣ್ಣದು. ಕನ್ನಡಕ ಹಾಕಿಕೊಂಡು ಅದನ್ನೇ ಮೊದಲು ಓದಿ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆಯನ್ನು ಕೆಲವರು ಹಿಂಬದಿಯಲ್ಲಿ ಅಚ್ಚು ಹಾಕುತ್ತಾರೆ. ಕಥೆ ಚೆಂದವೇ. ಆ ಜಾಗದಲ್ಲಿ ಹುರಿದ ತಾರೀಖು ಹಾಕಿದ್ದರೆ ಇನ್ನೂ ಚೆಂದವಿತ್ತು.

ಮೂರು ಭಾನುವಾರ ಮೂರು ಪುಡಿ ಇಟ್ಟುಕೊಂಡು ನೋಡಿದೆ. ಒಂದೇ ಬೀಜ, ಒಂದೇ ಹದಕ್ಕೆ ಬೀಸಿದ್ದು. ಮೊದಲನೆಯದಕ್ಕೆ ಚಿಕೋರಿ ಇಲ್ಲ, ಎರಡನೆಯದು 80:20 (ಕಾಫಿ 80, ಚಿಕೋರಿ 20), ಮೂರನೆಯದು 60:40. ಮನೆಯ ಹಳೆ ಹಿತ್ತಾಳೆ ಫಿಲ್ಟರ್‌ಗೆ ಪ್ರತಿ ಸಲ ಮೂರು ಚಮಚ ಪುಡಿ, ಮೇಲೆ ಕೊಡೆಯಂಥ ಬಿಲ್ಲೆ ಇಟ್ಟು ಮೆಲ್ಲಗೆ ಒತ್ತಿ, ಕುದಿ ನಿಂತ ನೀರು. ಚಿಕೋರಿ ಇಲ್ಲದ್ದು ಹತ್ತು ನಿಮಿಷದೊಳಗೆ ಪೂರ್ತಿ ಇಳಿಯಿತು. ಡಿಕಾಕ್ಷನ್ ಕೆಂಪು ಛಾಯೆಯದು, ಲೋಟ ಬಗ್ಗಿಸಿದರೆ ಗೋಡೆಗೆ ಅಂಟದೆ ಜಾರುತ್ತದೆ. 60:40 ಪುಡಿ ನೀರು ಕುಡಿದು ಉಬ್ಬಿ ತೂತುಗಳನ್ನು ಮುಚ್ಚಿಕೊಂಡು ಕೂತಿತು. ಅರ್ಧ ಗಂಟೆಯಾದರೂ ಟಪ್, ಟಪ್ ಅನ್ನುತ್ತಲೇ ಇತ್ತು. ಕೊನೆಗೆ ಬಂದದ್ದು ಟಾರಿನಂಥ ಕಪ್ಪು ರಸ. ಎರಡೇ ಚಮಚ ಹಾಕಿದರೂ ಹಾಲು ಬಣ್ಣ ತಿರುಗುತ್ತದೆ. ಮನೆಯಲ್ಲಿ ಆರು ಜನ, ಬಂದುಹೋಗುವವರು ನಾಲ್ಕು ಜನ ಇದ್ದ ಕಾಲಕ್ಕೆ ಅದು ಉಳಿತಾಯದ ಜಾಣತನವೇ. ನಮ್ಮ ಅಮ್ಮ ಎರಡನೇ ಡಿಕಾಕ್ಷನ್ನಿನಲ್ಲೂ ಒಂದು ಸುತ್ತು ಕಾಫಿ ಎಬ್ಬಿಸುತ್ತಿದ್ದದ್ದು ಚಿಕೋರಿಯ ಕೃಪೆಯಿಂದ.

ನನಗೆ ಒಪ್ಪಿದ್ದು 80:20. ಸುಮಾರು ಕಾಲು ಗಂಟೆಯಲ್ಲಿ ಇಳಿಯಿತು, ಹಾಲಿಗೆ ಬಿದ್ದ ಮೇಲೂ ಬೀಜದ ಘಮ ಉಳಿಯಿತು. ಚಿಕೋರಿಯೇ ಇಲ್ಲದ್ದು ಶ್ರೇಷ್ಠ ಅಂತ ಈಗ ಒಂದು ಮಡಿ ಶುರುವಾಗಿದೆ. ಹಾಲು ಹಾಕದೆ ಕುಡಿಯುವವರು ಆ ಮಾತು ಹೇಳಿದರೆ ಸರಿ. ಹಾಲಿನ ಕಾಫಿಗೆ, ಅದೂ ನಂದಿನಿಯ ನೀಲಿ ಪ್ಯಾಕೆಟ್ ಹಾಲಿಗೆ (ಕೊಬ್ಬು 3 ಪಾಲು) ಬೆರೆಸಿದರೆ ಅದು ಎಲ್ಲೋ ಕಳೆದುಹೋಗುತ್ತದೆ. ಚಿಕೋರಿ ಬೇಡವೇ ಬೇಡ ಅನ್ನುವವರು ಹಾಲನ್ನಾದರೂ ಬದಲಿಸಬೇಕು. ನಂದಿನಿಯದೇ ಶುಭಂ ಹಾಲಿನಲ್ಲಿ ಕೊಬ್ಬು 4.5 ಪಾಲು, ಅದರಲ್ಲಿ ಪುಡಿಯ ರುಚಿ ನಿಲ್ಲುತ್ತದೆ. ಪುಡಿ ಬದಲಿಸಿ ಬದಲಿಸಿ ಬೇಸತ್ತವರಿಗೆ ನಾನು ಹೇಳುವುದು, ಒಂದು ವಾರ ಹಾಲು ಬದಲಿಸಿ ನೋಡಿ.

ಇನ್ನು ಬೀಜ. ಅರೇಬಿಕಾಕ್ಕೆ ಪರಿಮಳ, ಒಂದಿಷ್ಟು ಹುಳಿ. ರೋಬಸ್ಟಾಕ್ಕೆ ಮೈ, ಕಹಿ, ಮತ್ತೆ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ರೋಬಸ್ಟಾ ಅಂದರೆ ಮೂಗು ಮುರಿಯುವವರಿದ್ದಾರೆ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಹೆಚ್ಚಿನ ಪಾಲು ಅದೇ, ಮತ್ತು ನಾವು ‘ಸ್ಟ್ರಾಂಗ್’ ಅಂತ ಹೋಟೆಲಿನಲ್ಲಿ ಕೂಗಿ ಹೇಳುವ ರುಚಿಯೂ ಬಹಳ ಮಟ್ಟಿಗೆ ಅದರದೇ. ‘ಪ್ಲಾಂಟೇಷನ್’ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ‘ಚೆರಿ’ ಅಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿದ್ದು. ಈ ಹೆಸರುಗಳ ಮುಂದೆ ಬರುವ ಎ, ಬಿ ಮುಖ್ಯವಾಗಿ ಬೀಜದ ಗಾತ್ರ ಹೇಳುತ್ತವೆ, ರುಚಿಗೆ ಕೊಟ್ಟ ಮಾರ್ಕ್ಸ್ ಅಲ್ಲ. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡು ಚಪ್ಪಟೆ ಬೀಜದ ಬದಲು ಒಂದೇ ದುಂಡು ಬೀಜ. ಹುರಿಯುವ ಡ್ರಮ್ಮಿನಲ್ಲಿ ಉರುಳಿ ಉರುಳಿ ಒಂದೇ ಸಮ ಹುರಿಯುತ್ತದೆ ಅನ್ನುತ್ತಾರೆ. ನನ್ನ ನಾಲಿಗೆಗೆ ಅದರಿಂದ ಆದ ವ್ಯತ್ಯಾಸಕ್ಕಿಂತ ಜೇಬಿಗೆ ಆದದ್ದೇ ಜಾಸ್ತಿ. ಅರ್ಧ ಪ್ಲಾಂಟೇಷನ್, ಅರ್ಧ ರೋಬಸ್ಟಾ ಹಾಕಿಸಿಕೊಳ್ಳಿ. ಅಂಗಡಿಯವರು ಹುಬ್ಬೇರಿಸಿದರೂ ಪರವಾಗಿಲ್ಲ.

ಬಿಡಿಯಾಗಿ ಬೀಸಿಸಿಕೊಂಡ ಪುಡಿಯಲ್ಲಿ ಚಿಕೋರಿ ಇದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಒಂದು ಚಿಟಿಕೆ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತಾ ಕೆಳಗಿಳಿಯುತ್ತದೆ. ಈ ಪರೀಕ್ಷೆ ಚಿಕೋರಿ ಇದೆಯೇ ಅನ್ನುವುದನ್ನು ಹೇಳೀತು, ಎಷ್ಟು ಅನ್ನುವುದನ್ನಲ್ಲ.

ಕೊಳ್ಳುವ ಪ್ರಮಾಣ ಒಂದು ಸಲಕ್ಕೆ 200 ಗ್ರಾಂ, ಹೆಚ್ಚೆಂದರೆ ಕಾಲು ಕಿಲೋ. ಬೀಸಿದ ಪುಡಿಯ ಘಮ ಹದಿನೈದು ದಿನಕ್ಕೆ ಇಳಿಯುತ್ತದೆ, ಪ್ಯಾಕೆಟ್ಟಿನ ಮೇಲೆ ಎಷ್ಟು ತಿಂಗಳ ಗಡುವು ಬರೆದಿದ್ದರೂ ಸರಿ. ಪುಣೆಯಲ್ಲಿರುವವರು ಚಿಕ್ಕಮಗಳೂರು, ಕೊಡಗಿನಿಂದ ಹುರಿದ ತಾರೀಖು ಹಾಕಿ ಕಳಿಸುವವರ ಹತ್ತಿರ ತರಿಸಿಕೊಳ್ಳಬಹುದು. ಆದರೆ ‘ಫಿಲ್ಟರ್‌ಗೆ ಬೀಸಿ’ ಅಂತ ಬರೆಯಲು ಮರೆಯಬಾರದು. ಎಸ್ಪ್ರೆಸೊ ಹದದ ನುಣುಪು ಪುಡಿ ನಮ್ಮ ಫಿಲ್ಟರ್‌ನಲ್ಲಿ ಕೆಸರಾಗುತ್ತದೆ. ಇನ್‌ಸ್ಟಂಟ್ ಬಗ್ಗೆ ಕೇಳಿದ್ದರೆ: ರೈಲು ಪ್ರಯಾಣಕ್ಕೆ ಇರಲಿ.

ಬೆಲ್ಲ

ಇಲ್ಲಿ ಬೆರಕೆಯ ಸಾಲು ಅಚ್ಚಾಗಿ ಬರುವುದೇ ಅಪರೂಪ, ಹಾಗಾಗಿ ಕಣ್ಣು, ನಾಲಿಗೆಯೇ ಗತಿ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕೊಳೆ ಎತ್ತಲು ಸುಣ್ಣ ಹಾಕುವುದು, ಬೆಂಡೆ ಗಿಡದ ಲೋಳೆ ಹಾಕುವುದು ಹಳೆಯ ಪದ್ಧತಿ. ಅದರಿಂದ ಬರುವ ಬಣ್ಣ ಕಂದು. ಗಿರಾಕಿಗೆ ಹಳದಿ ಇಷ್ಟ ಅಂತ ಹೈಡ್ರೋಸ್ ಅನ್ನುವ, ಗಂಧಕದ ಅಂಶವಿರುವ ರಾಸಾಯನಿಕ ಪುಡಿ ಹಾಕಿದರೆ ಬೆಲ್ಲ ಚಿನ್ನದಂತೆ ಹೊಳೆಯುತ್ತದೆ, ಕೆಲವು ವಾರ ಡಬ್ಬಿಯಲ್ಲಿದ್ದರೆ ಮತ್ತೆ ಕಪ್ಪಿಡುತ್ತದೆ. ಅಂಗಡಿಯಲ್ಲಿ ಹಳದಿ, ಮನೆಯಲ್ಲಿ ಕಪ್ಪು ಆಗುವ ಬೆಲ್ಲವನ್ನು ಎರಡನೇ ಸಲ ಕೊಳ್ಳಬೇಡಿ. ಎಲ್ಲ ಹಳದಿಯೂ ಮೋಸವಲ್ಲ, ಕೊಲ್ಹಾಪುರದ ಕಡೆಯ ಬೆಲ್ಲಕ್ಕೆ ಮೊದಲಿಂದಲೂ ತಿಳಿ ಬಣ್ಣದ ಹೆಸರಿದೆ. ಪುಣೆಯಲ್ಲಿ ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅಲ್ಲಿ ಮಂಡ್ಯದ ಅಚ್ಚು ಬೆಲ್ಲಕ್ಕೆ ಹುಡುಕಾಡಬೇಕಾಗಿಲ್ಲ. ಚೂರು ಬಾಯಿಗೆ ಹಾಕಿಕೊಳ್ಳಿ. ಉಪ್ಪುಪ್ಪು ಅನ್ನಿಸಿದರೆ ವಾಪಸ್ ಇಡಿ. ಬಿಸಿನೀರಲ್ಲಿ ಕರಗಿಸಿ ಸೋಸಿದರೆ ತಳದಲ್ಲಿ ಎಷ್ಟು ಮರಳು ಕೂತಿದೆ ಅಂತ ಗೊತ್ತಾಗುತ್ತದೆ. ಎಲ್ಲ ಬೆಲ್ಲದಲ್ಲೂ ಸ್ವಲ್ಪ ಇರುತ್ತದೆ, ಚಮಚದಷ್ಟು ಇರಬಾರದು.

ಹೋಳಿಗೆ ಹೂರಣಕ್ಕೆ ಗಟ್ಟಿ ಅಚ್ಚು ಅಥವಾ ಉಂಡೆ. ದೋಸೆ, ತೆಳ್ಳೇವು, ರೊಟ್ಟಿಯ ಪಕ್ಕಕ್ಕೆ ಮಲೆನಾಡಿನ, ಪಾಕದಂತೆ ಹರಿಯುವ ಜೋನಿಬೆಲ್ಲ. ಅದಕ್ಕೆ ಸಮ ಇಲ್ಲ, ಮೇಲೆ ಒಂದು ಚಮಚ ತುಪ್ಪ ಬಿದ್ದರೆ ಮಾತೂ ಇಲ್ಲ. ಡಬ್ಬಿಯ ಪುಡಿಬೆಲ್ಲ ಅವಸರದವರಿಗೆ. ಕೆತ್ತುವ ಕೆಲಸ ತಪ್ಪುತ್ತದೆ, ಆದರೆ ಒಡೆದು ಒಳಗಿನ ಹರಳು ನೋಡುವ ಅವಕಾಶವೂ ತಪ್ಪುತ್ತದೆ.

ಒಂದು ಎಚ್ಚರಿಕೆ, ನನ್ನ ಸ್ವಂತ ಅನುಭವದ್ದು. ಗೌರಿ ಹಬ್ಬದ ದಿನ, ಒಲೆಯ ಮೇಲೆ ಹಾಲು ಕುದಿಯುತ್ತಿರುವಾಗಲೇ ಬೆಲ್ಲದ ಪಾಕ ಸುರಿದೆ. ಕಣ್ಣೆದುರೇ ಪಾಯಸ ಒಡೆದು ನೀರು ಬೇರೆ, ಗಿಣ್ಣಿನಂಥ ಉಂಡೆ ಬೇರೆ ಆಯಿತು. ಬೆಲ್ಲದ ಹುಳಿ ಅಂಶ ಕುದಿಯುವ ಹಾಲಿಗೆ ಆಗದು. ಒಲೆ ಆರಿಸಿ, ಎರಡೂ ಆರಿದ ಮೇಲೆ ಬೆರೆಸಬೇಕು. ಬೆಲ್ಲ ಯಾವುದಾದರೂ ಈ ಮಾತು ಒಂದೇ. ನಾನು ಮೂರು ದಿನ ಬೆಲ್ಲದಂಗಡಿಯವರನ್ನು ಬೈದುಕೊಂಡಿದ್ದು ದಂಡ.

ನಿಘಂಟು

ಇದಕ್ಕೆ ಸ್ವಲ್ಪ ಸಮಾಧಾನದಿಂದ ಕೂರಬೇಕು. ನಿಘಂಟು ಆರಿಸುವ ಮೊದಲು ಒಂದು ತೊಡಕು ಹೇಳಿಬಿಡುತ್ತೇನೆ. ಕಾದಂಬರಿಯ ಪುಟದಲ್ಲಿ ಕಾಣುವ ಎಷ್ಟೋ ಪದ ನಿಘಂಟಿನಲ್ಲಿ ಹಾಗೇ ಸಿಗುವುದಿಲ್ಲ. ‘ಮಿಂದಳು’ ಅಂತ ಹುಡುಕಿದರೆ ಏನೂ ಬರಲಿಕ್ಕಿಲ್ಲ, ‘ಮೀ’ಗೆ ಹೋಗಬೇಕು. ‘ಬಿದ್ದ’ ಅಂದರೆ ‘ಬೀಳು’, ‘ನೊಂದ’ ಅಂದರೆ ‘ನೋಯು’. ‘ಬೆಟ್ಟದಾವರೆ’ಯ ಒಳಗಿರುವುದು ‘ತಾವರೆ’, ‘ಮಳೆಗಾಲ’ದ ಒಳಗಿರುವುದು ‘ಕಾಲ’. ಸ್ಕೂಲಲ್ಲಿ ಆದೇಶ ಸಂಧಿ ಓದುವಾಗ ಆಕಳಿಸಿದವರು ಈಗ ಅದರ ಸಾಲ ತೀರಿಸಬೇಕು. ಬೇರಿಗೆ ಇಳಿಯುವ ಈ ಅಭ್ಯಾಸ ಆಗುವವರೆಗೆ ಎಷ್ಟು ದುಬಾರಿ ನಿಘಂಟು ತಂದರೂ ಕಪಾಟಿಗೆ ಅಲಂಕಾರ.

ಮೊದಲು ಜಾಲತಾಣ, ಏಕೆಂದರೆ ಓದುವಾಗ ಕೈಯಲ್ಲಿರುವುದು ಫೋನು. ನಾನು ದಿನಾ ತೆರೆಯುವುದು ‘ಅಲರ್’. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. ಕಾಗುಣಿತ ಸ್ವಲ್ಪ ತಪ್ಪಿದರೂ ಸದ್ದಿನ ಹೋಲಿಕೆಯ ಮೇಲೆ ಹುಡುಕಿಕೊಡುತ್ತದೆ. ಅಲ್ಪಪ್ರಾಣ-ಮಹಾಪ್ರಾಣದಲ್ಲಿ ಎಡವುವ ನಮ್ಮ ಹುಡುಗಿಯಂಥವರಿಗೆ ಇದೊಂದೇ ಕಾರಣ ಸಾಕು. ಒಬ್ಬರ ಕೈಯಿಂದ ಬಂದದ್ದಾದ್ದರಿಂದ ವಿವರಣೆಯ ಧಾಟಿ ಒಂದೇ, ಒಂದು ಪದಕ್ಕೆ ಕೊಟ್ಟ ಅರ್ಥಗಳು ಒಂದಕ್ಕೊಂದು ಜಗಳವಾಡುವುದಿಲ್ಲ. ಬೆರಕೆ ಇಲ್ಲದ ಪುಡಿ ಅನ್ನಿ. ಅದರ ಮಿತಿ ಒಂದೇ: ಅರ್ಥಗಳು ಇಂಗ್ಲಿಷಿನಲ್ಲಿ. ಕನ್ನಡದ ಪದವನ್ನು ಕನ್ನಡದಲ್ಲೇ ತಿಳಿಯಬೇಕು ಅನ್ನುವವರಿಗೆ ಅರ್ಧ ದಾರಿ.

ಸರ್ಕಾರದ ‘ಪದಕಣಜ’ ಇನ್ನೊಂದು ಜಾತಿ. ಹಲವು ನಿಘಂಟು, ಪದಕೋಶಗಳನ್ನು ಒಟ್ಟುಗೂಡಿಸಿ ಒಂದೇ ಕಡೆ ಹುಡುಕುವಂತೆ ಮಾಡಿದ್ದಾರೆ. ಇದು ಬೆರಕೆಯೇ, ಆದರೆ ಯಾವ ಅರ್ಥ ಯಾವ ಕೋಶದ್ದು ಅಂತ ಹೇಳುವ ಬೆರಕೆ. ಆಡಳಿತ, ಕಾನೂನು, ಕೃಷಿಯ ಪದಗಳಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಬರುವವರಿಗೆ ಇದು ವಾಸಿ. ಕಾದಂಬರಿ ಓದುವವರಿಗೆ ಉತ್ತರಗಳ ರಾಶಿಯಲ್ಲಿ ತಮ್ಮ ಅರ್ಥ ಆರಿಸಿಕೊಳ್ಳುವಷ್ಟರಲ್ಲಿ ಕಥೆಯ ಎಳೆ ತಪ್ಪುತ್ತದೆ.

ಮೂರನೆಯದು ಎಲ್ಲರೂ ಮಾಡುವುದು, ಅನುವಾದದ ಆ್ಯಪ್‌ಗೆ ಪದ ಹಾಕುವುದು. ಒಂದು ಅರ್ಥ ಕೊಡುತ್ತದೆ, ಎಲ್ಲಿಂದ ತಂದೆ ಅಂತ ಹೇಳುವುದಿಲ್ಲ. ‘ಹದ’ ಅನ್ನುವ ಪದ ತೆಗೆದುಕೊಳ್ಳಿ. ಪಾಕದ ಹದ, ಮಣ್ಣಿನ ಹದ, ಹದ ಮಳೆ, ಕುಡುಗೋಲಿನ ಹದ, ಚರ್ಮ ಹದ ಮಾಡುವುದು, ಮಗನನ್ನು ಹದಕ್ಕೆ ತರುವುದು. ಪಾಕಕ್ಕೆ ಹೊಂದುವ ಇಂಗ್ಲಿಷ್ ಪದ ಕುಡುಗೋಲಿಗೆ ಹೊಂದುವುದಿಲ್ಲ, ಮಗನಿಗಂತೂ ಇಲ್ಲವೇ ಇಲ್ಲ. ಯಾವುದೇ ನಿಘಂಟು ಪರೀಕ್ಷಿಸಲು ನಾನು ಹಾಕಿ ನೋಡುವ ಪದ ಇದೇ. ಎಷ್ಟು ಹದಗಳನ್ನು ಬಿಡಿಸಿ ತೋರಿಸುತ್ತದೆ ಅಂತ ಎಣಿಸಿದರೆ ಅದರ ಯೋಗ್ಯತೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಪುಸ್ತಕಗಳಿಗೆ ಬಂದರೆ, ಹಿರಿಯನಿಂದ ಶುರು ಮಾಡೋಣ. ಫರ್ಡಿನೆಂಡ್ ಕಿಟೆಲ್‌ನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಸುಮಾರು 70,000 ಪದ. ಸ್ಕ್ಯಾನ್ ಪ್ರತಿ ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಪದದ ಪಕ್ಕ ತಮಿಳು, ತೆಲುಗು, ತುಳುವಿನ ನೆಂಟರನ್ನು ಕೂರಿಸುತ್ತಾನೆ, ಮೈಸೂರು ಕಡೆಯ ಮಾತೋ ಉತ್ತರದ ಕಡೆಯದೋ ಅಂತ ಗುರುತು ಹಾಕುತ್ತಾನೆ, ನಡುನಡುವೆ ಗಾದೆಗಳು. ಮನರಂಜನೆಗೆಂದೇ ಓದಬಹುದಾದ ನಿಘಂಟು ಇದು. ಹೊಸಬರಿಗೆ ಕಷ್ಟ: ೞ, ಱ ಅಕ್ಷರಗಳು ಎದುರಾಗುತ್ತವೆ, ಹಕಾರದ ಎಷ್ಟೋ ಪದಗಳಿಂದ ಹಳೆಯ ಪಕಾರದ ರೂಪಕ್ಕೆ ಕಳಿಸುತ್ತಾನೆ. ಮತ್ತೆ 1894ರ ನಂತರ ನಮ್ಮ ಬಾಯಿಗೆ ಬಂದ ಪದ ಒಂದೂ ಇಲ್ಲ.

ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಕನ್ನಡದಿಂದ ಕನ್ನಡಕ್ಕೆ. ಮೊದಲ ಸಂಪುಟ 1970ರಲ್ಲಿ, ಎಂಟನೆಯದು 1995ರಲ್ಲಿ ಬಂತು. ಒಟ್ಟು ಸುಮಾರು 9,000 ಪುಟ. ಪ್ರತಿ ಅರ್ಥಕ್ಕೂ ಶಾಸನದಿಂದ, ಕಾವ್ಯದಿಂದ ಪ್ರಯೋಗ ತೆಗೆದು ತೋರಿಸುತ್ತಾರೆ. ಬೆರಕೆಯ ಲೆಕ್ಕವನ್ನು ಸಾಲು ಸಾಲಾಗಿ ಕೊಡುವ ಪುಸ್ತಕ ಅಂದರೆ ಇದು. ಇದರ ಮುಂದೆ ಕೂತರೆ ನನಗೆ ಈಗಲೂ ಬೆನ್ನು ನೇರವಾಗುತ್ತದೆ. ಆದರೆ ಬಾಡಿಗೆ ಮನೆಯಲ್ಲಿರುವ, ಎರಡು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವರಿಗೆ ಎಂಟು ಸಂಪುಟ ಹೊರಿಸಲು ಮನಸ್ಸು ಬಾರದು. ಪರಿಷತ್ತಿನದೇ ಸಂಕ್ಷಿಪ್ತ ಕನ್ನಡ ನಿಘಂಟು ಒಂದೇ ಪುಸ್ತಕ, ಓದುಗರಿಗೆ ಅದು ಸಾಕು. ಪ್ರಯೋಗಗಳು ಅದರಲ್ಲಿಲ್ಲ ಅನ್ನುವುದೇ ಕೊರತೆ.

ಪರಿಷತ್ತಿನ ಆ ದೊಡ್ಡ ಕೆಲಸದ ಹಿಂದಿದ್ದವರಲ್ಲಿ ಒಬ್ಬರು ಜಿ. ವೆಂಕಟಸುಬ್ಬಯ್ಯ. 1913ರಲ್ಲಿ ಹುಟ್ಟಿ 2021ರವರೆಗೆ ಬಾಳಿದವರು. ಪ್ರಜಾವಾಣಿಯಲ್ಲಿ ಓದುಗರು ಪದಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಅವರು ಉತ್ತರ ಕೊಡುತ್ತಿದ್ದ ‘ಇಗೋ ಕನ್ನಡ’ ಅಂಕಣ ಪುಸ್ತಕವಾಗಿಯೂ ಬಂದಿದೆ. ಇದು ಹುಡುಕುವ ನಿಘಂಟಿಗಿಂತ ಓದಿಸಿಕೊಳ್ಳುವ ನಿಘಂಟು. ನಿಮಗೆ ಬೇಕಾದ ಪದ ಸಿಕ್ಕರೆ ಅದೃಷ್ಟ, ಸಿಗದಿದ್ದರೂ ಹತ್ತು ಬೇರೆ ಪದ ತಲೆಗೆ ಹತ್ತಿರುತ್ತದೆ. ನಮ್ಮ ಮನೆಯಲ್ಲಿ ಇದರ ಜಾಗ ಊಟದ ಮೇಜು. ಪುಟಗಳ ಮೇಲೆ ಸಾರಿನ ಕಲೆ ಸಾಕಷ್ಟಿದೆ.

ಹಾಗಾಗಿ ಪುಣೆಯ ಹುಡುಗಿಗೆ: ಫೋನಿನಲ್ಲಿ ಅಲರ್, ತಲೆದಿಂಬಿನ ಹತ್ತಿರ ಇಗೋ ಕನ್ನಡ, ಒಂದು ವರ್ಷ ಓದು ಸಾಗಿದ ಮೇಲೆ ಸಂಕ್ಷಿಪ್ತ ನಿಘಂಟು. ಕಿಟೆಲ್ ಅವಳಾಗಿಯೇ ಕೇಳುವ ದಿನ ಬಂದರೆ ನನ್ನ ಪ್ರತಿಯನ್ನೇ ಕೊಡುತ್ತೇನೆ, ರಟ್ಟು ಕಿತ್ತುಹೋಗಿದೆ ಅಂತ ಮೊದಲೇ ಹೇಳಿರುತ್ತೇನೆ.

ನಿನ್ನೆ ಪಾರ್ಸೆಲ್ ಕಟ್ಟಿದೆ. 80:20 ಪುಡಿ ಕಾಲು ಕಿಲೋ, ಒಂದು ಡಬ್ಬಿ ಜೋನಿಬೆಲ್ಲ, ಇಗೋ ಕನ್ನಡದ ಮೊದಲ ಸಂಪುಟ. ಜೋನಿಬೆಲ್ಲದ ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಪುಸ್ತಕದಿಂದ ಆದಷ್ಟು ದೂರಕ್ಕೆ, ಪುಡಿಯ ಆ ಬದಿಗೆ ಇಟ್ಟಿದ್ದೇನೆ.